ಸಣ್ಣ ಬಿಳಿ ಗುಳಿಗಿ ಮತ್ತು ಕಣ್ಣೊಳಗಿನ ಹಿನ್ನೀರು

ಇವತ್ತು ರಾಜಕೀಯ ಬೇಡ. ಯಾವ ಶಾಸಕರು ಯಾವ ರೆಸಾರ್ಟ್‌ನಲ್ಲಿದ್ದಾರೆ, ಯಾರ ಕುರ್ಚಿ ಅಲುಗಾಡ್ತಿದೆ ಅನ್ನೋದನ್ನ ನಾಳೆ ನೋಡಿಕೊಳ್ಳೋಣ. ಇವತ್ತು ಒಂದು ಗುಳಿಗೆಯ ಬಗ್ಗೆ ಮಾತಾಡೋಣ. ಕಡಲೆಕಾಳಿಗಿಂತ ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಅದು ತಪ್ಪು ಕೈಯಲ್ಲಿ ಸಿಕ್ಕಿ, ತಪ್ಪು ರೀತಿಯಲ್ಲಿ ಹೊಟ್ಟೆಗೆ ಹೋದರೆ, ಒಬ್ಬ ದುಡಿಯುವ ಮನುಷ್ಯನ ಕಣ್ಣಿನ ನಡುಭಾಗಕ್ಕೇ ಮಬ್ಬು ಕವಿಯಬಹುದು. ಅದರ ಹೆಸರು ಸ್ಟೀರಾಯ್ಡ್.

ಬಾಗಲಕೋಟೆ ಕಡೆ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಹುನಗುಂದ, ಬಾದಾಮಿ, ಇಳಕಲ್, ಯಾವ ಊರಾದರೂ ಸರಿ. ಸಂಜೆ ಹೊತ್ತು ಔಷಧಿ ಅಂಗಡಿ ಮುಂದೆ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತೆ: "ಅಣ್ಣಾರ, ಹ್ವಾದ ವಾರ ಕೊಟ್ಟಿದ್ರಲ್ರೀ ಸಣ್ಣ ಬಿಳಿ ಗುಳಿಗಿ, ಅವನ್ನ ಇನ್ನೊಂದ್ ಹತ್ತು ಕೊಡ್ರಿ. ಭಾಳ ಛಲೋ ಆಗೇತಿ ನೋಡ್ರಿ, ಮೊಣಕಾಲ ನೋವು ಪೂರಾ ನಿಂತೇತಿ." ಹೆಸರು ಗೊತ್ತಿಲ್ಲ, ಚೀಟಿ ಇಲ್ಲ. ಗೊತ್ತಿರೋದು ಬಣ್ಣ, ಗಾತ್ರ, ಮತ್ತು ನೋವು ನಿಂತಿದ್ದು ಮಾತ್ರ. ಎಲ್ಲ ಅಂಗಡಿಯವರೂ ಕೊಡ್ತಾರೆ ಅಂತ ನಾನು ಹೇಳ್ತಿಲ್ಲ. "ಡಾಕ್ಟರ್ ಚೀಟಿ ತಗೊಂಡ್ ಬರ್ರಿ" ಅಂತ ವಾಪಸ್ ಕಳಿಸುವವರೂ ಇದ್ದಾರೆ. ಇದು ಬಾಗಲಕೋಟೆಯ ಕಥೆ ಮಾತ್ರ ಅಂತಲೂ ಅಲ್ಲ, ಬೆಂಗಳೂರಿನ ಬಡಾವಣೆಗಳಲ್ಲೂ ಇದೇ ನಡೆಯುತ್ತೆ. ಆದರೂ ಇವತ್ತು ಈ ನಾಲ್ಕು ಊರುಗಳನ್ನ ಇಟ್ಟುಕೊಂಡೇ ಮಾತಾಡ್ತೀನಿ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಸ್ಟೀರಾಯ್ಡ್ ವಿಷ ಅಲ್ಲ. ಇದನ್ನ ಓದಿ ಯಾರಾದರೂ ಡಾಕ್ಟರ್ ಕೊಟ್ಟ ಔಷಧಿಯನ್ನ ನಾಳೆ ಬೆಳಗ್ಗೆ ತಿಪ್ಪೆಗೆ ಎಸೆದರೆ ನನ್ನ ಬರಹದಿಂದ ಒಳ್ಳೆಯದಾಗುವ ಬದಲು ಅನಾಹುತ ಆಗುತ್ತೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡುವಂತಾದಳು. ಜಗತ್ತು ಬೆರಗಾಯ್ತು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅಸ್ತಮಾ, ಮೂತ್ರಪಿಂಡದ ಕೆಲವು ಕಾಯಿಲೆ, ಲೂಪಸ್, ಕಿಡ್ನಿ ಕಸಿ ಮಾಡಿಸಿಕೊಂಡವರ ಜೀವ, ಇವೆಲ್ಲ ಇವತ್ತಿಗೂ ಸ್ಟೀರಾಯ್ಡ್‌ ಮೇಲೆ ನಿಂತಿವೆ.

ಕೋವಿಡ್ ಕಾಲ ನೆನಪಿಸಿಕೊಳ್ಳಿ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂದಾಗ ನಾವೆಲ್ಲ ಬ್ರೇಕಿಂಗ್ ನ್ಯೂಸ್ ಹಾಕಿದ್ದೆವು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್, ವೆಂಟಿಲೇಟರ್ ಮೇಲಿದ್ದವರ ಸಾವನ್ನ ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಿತ್ತು. ಆದರೆ ಅದೇ ವರದಿಯ ಇನ್ನರ್ಧವನ್ನ ನಾವು ಅಷ್ಟು ಜೋರಾಗಿ ಹೇಳಲಿಲ್ಲ ಅನಿಸುತ್ತೆ. ಆ ಡೋಸ್ ದಿನಕ್ಕೆ 6 ಮಿಲಿಗ್ರಾಂ, ಅದೂ ಗರಿಷ್ಠ 10 ದಿನ. ಆಕ್ಸಿಜನ್ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಯಾರಿಗೆ, ಎಷ್ಟು, ಎಷ್ಟು ದಿನ? ಈ ಮೂರು ಪ್ರಶ್ನೆಗೆ ಉತ್ತರ ಇದ್ದರೆ ಸ್ಟೀರಾಯ್ಡ್ ಔಷಧಿ, ಇಲ್ಲದಿದ್ದರೆ ಅದೇ ಅಪಾಯ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಸ್ಟೀರಾಯ್ಡ್ ಅಂದ ತಕ್ಷಣ ಕೆಲವರಿಗೆ ಜಿಮ್ ಹುಡುಗರು, ಉಬ್ಬಿದ ತೋಳು ನೆನಪಾಗುತ್ತೆ. ಅದು ಬೇರೆ ಜಾತಿ, ಗಂಡಸರ ಹಾರ್ಮೋನಿಗೆ ಸೇರಿದ್ದು. ನಾನಿಲ್ಲಿ ಹೇಳ್ತಿರೋದು ಕಾರ್ಟಿಕೋಸ್ಟೀರಾಯ್ಡ್ ಬಗ್ಗೆ. ನಮ್ಮ ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಅಣ್ಣತಮ್ಮಂದಿರು ಇವು. ಊತ ಇಳಿಸುತ್ತವೆ, ನೋವು ಇಳಿಸುತ್ತವೆ, ಅಲರ್ಜಿ ಅಡಗಿಸುತ್ತವೆ. ಅದಕ್ಕೇ ಜನರಿಗೆ ಇಷ್ಟ ಆಗೋದು. ಏನು ಕಾಯಿಲೆ ಅಂತ ಗೊತ್ತಾಗುವ ಮೊದಲೇ ಆರಾಮ ಅನಿಸಿಬಿಡುತ್ತೆ.

ಈಗ ಕಣ್ಣಿಗೆ ಬರೋಣ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ಒಂದು ತೆಳು ಪರದೆ ಇದೆ. ಅದೇ ರೆಟಿನಾ, ಕನ್ನಡದಲ್ಲಿ ಅಕ್ಷಿಪಟಲ. ಅದರ ನಟ್ಟನಡುವೆ ಕೆಲವೇ ಮಿಲಿಮೀಟರ್ ಅಗಲದ ಒಂದು ಜಾಗ ಇದೆ, ಅದಕ್ಕೆ ಮ್ಯಾಕುಲಾ ಅಂತಾರೆ. ನೀವು ಈ ಅಕ್ಷರ ಓದ್ತಿರೋದು, ಸೂಜಿಗೆ ದಾರ ಪೋಣಿಸೋದು, ಎದುರಿಗೆ ಬಂದವರ ಮುಖ ಗುರುತು ಹಿಡಿಯೋದು, ಎಲ್ಲಾ ಆ ಪುಟ್ಟ ಜಾಗದಿಂದ. ರೆಟಿನಾದ ಕೆಳಗೆ ಒಂದೇ ಸಾಲು ಜೀವಕೋಶಗಳ ಪದರ ಇದೆ. ಅದು ಒಂಥರಾ ಒಡ್ಡು ಮತ್ತು ಪಂಪು ಎರಡೂ ಹೌದು. ಅದರ ಕೆಳಗೆ ಕೋರಾಯ್ಡ್ ಎಂಬ ರಕ್ತನಾಳಗಳ ಹಾಸಿಗೆ, ಅಲ್ಲಿ ರಕ್ತದ ಹರಿವು ಬಹಳ ಜೋರು. ಆ ಕಡೆಯ ನೀರು ಈ ಕಡೆಗೆ ಬರದಂತೆ ತಡೆಯೋದು, ಬಂದದ್ದನ್ನ ಎತ್ತಿ ಆಚೆ ಹಾಕೋದು ಆ ನಡುವಿನ ಪದರದ ಕೆಲಸ.

ಬಾಗಲಕೋಟೆಯವರಿಗೆ ಇದನ್ನ ವಿವರಿಸೋದು ಸುಲಭ. ಹಿನ್ನೀರು ಅಂದರೆ ಏನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದರು, ನೀರು ಹಿಂದಕ್ಕೆ ಒತ್ತಿ ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳಿಗೆ ಬಂತು, ಜನ ಮನೆ ಬಿಟ್ಟು ನವನಗರಕ್ಕೆ ಹೋದರು. ಹಿನ್ನೀರು ಪ್ರವಾಹದ ಹಾಗೆ ಅಬ್ಬರಿಸಿ ಬರಲ್ಲ. ಸದ್ದಿಲ್ಲದೆ ಬಂದು ನಿಲ್ಲುತ್ತೆ. ಕಣ್ಣೊಳಗೂ ಹಾಗೇ ಆಗುತ್ತೆ. ಕೆಳಗಿನ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ಅವು ಉಬ್ಬಿ ಸೋರೋಕೆ ಶುರು ಮಾಡ್ತವೆ. ನಡುವಿನ ಒಡ್ಡಿನಲ್ಲಿ ಒಂದು ಕಡೆ ಸಣ್ಣ ಬಿರುಕು ಬಿಡುತ್ತೆ. ನೀರು ಮೇಲೆ ಬಂದು ಸರಿಯಾಗಿ ಮ್ಯಾಕುಲಾದ ಕೆಳಗೆ ನಿಲ್ಲುತ್ತೆ. ನೆಲದ ಕೆಳಗೆ ತೇವ ಸೇರಿ ಹಾಸುಗಲ್ಲು ಮೇಲೆದ್ದ ಹಾಗೆ ರೆಟಿನಾ ಆ ಜಾಗದಲ್ಲಿ ಉಬ್ಬುತ್ತೆ.

ಇದರ ಹೆಸರು ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ. ಡಾಕ್ಟರುಗಳು ಚುಟುಕಾಗಿ ಸಿಎಸ್‌ಆರ್ ಅಂತಾರೆ. ಟಿವಿ ನೋಡುವ ನಿಮಗೆ ಸಿಎಸ್‌ಆರ್ ಅಂದರೆ ಕಂಪನಿಗಳು ಶಾಲೆಗೆ ಬೆಂಚು ಕೊಡಿಸುವ ದುಡ್ಡು. ಇದು ಬೇರೆ ಸಿಎಸ್‌ಆರ್.

ಇದು ಬಂದವರಿಗೆ ಏನು ಕಾಣುತ್ತೆ? ಬಾದಾಮಿಯ ಮೊದಲನೇ ಗುಹೆಯ ಹೊರಗೆ ಹದಿನೆಂಟು ಕೈಯ ನಟರಾಜ ಇದ್ದಾನಲ್ಲ, ಅವನ ಮುಂದೆ ನಿಂತಿದ್ದೀರಿ ಅಂತ ಇಟ್ಕೊಳ್ಳಿ. ಒಳ್ಳೆಯ ಕಣ್ಣನ್ನ ಮುಚ್ಚಿ, ನೀರು ತುಂಬಿದ ಕಣ್ಣಲ್ಲಿ ಅವನ ಮುಖವನ್ನೇ ದಿಟ್ಟಿಸಿ ನೋಡಿದರೆ ಸುತ್ತ ಹರಡಿದ ಕೈಗಳು ಕಾಣುತ್ತವೆ, ಕೆಂಪು ಬಂಡೆ ಕಾಣುತ್ತೆ, ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುವ ಶಾಲೆ ಮಕ್ಕಳೂ ಕಾಣ್ತಾರೆ. ದಿಟ್ಟಿಸಿದ ಮುಖದ ಮೇಲೆ ಮಾತ್ರ ಒಂದು ಬೂದು ಮಚ್ಚೆ. ಬಣ್ಣ ಮಾಸಿದಂತೆ ಇರುತ್ತೆ. ನೇರ ಗೆರೆ ಸೊಟ್ಟ ಆಗುತ್ತೆ. ಕೆಲವರಿಗೆ ಆ ಕಣ್ಣಿನಲ್ಲಿ ವಸ್ತುಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ.

ಎಲ್ಲಕ್ಕಿಂತ ಮೋಸ ಏನು ಗೊತ್ತಾ? ನೋವಿಲ್ಲ, ಕಣ್ಣು ಕೆಂಪಾಗಲ್ಲ, ನೀರು ಸುರಿಯಲ್ಲ, ಹೊರಗಿನಿಂದ ನೋಡಿದವರಿಗೆ ಕಣ್ಣು ಕಣ್ಣಿನಂತೆಯೇ ಇರುತ್ತೆ. ಸಾಮಾನ್ಯವಾಗಿ ಮೊದಲು ಒಂದೇ ಕಣ್ಣಿಗೆ ಬರೋದರಿಂದ ಇನ್ನೊಂದು ಕಣ್ಣು ಆ ಕೊರತೆಯನ್ನ ತುಂಬಿಬಿಡುತ್ತೆ. ಎರಡೂ ಕಣ್ಣು ತೆರೆದು ಓಡಾಡುವ ಮನುಷ್ಯನಿಗೆ ವಾರಗಟ್ಟಲೆ ಗೊತ್ತಾಗದೇ ಇರಬಹುದು.

ಈ ಕಾಯಿಲೆಗೂ ಸ್ಟೀರಾಯ್ಡಿಗೂ ಏನು ಸಂಬಂಧ? ಕಾಯಿಲೆಯನ್ನ ಜರ್ಮನಿಯ ನೇತ್ರತಜ್ಞ ಫಾನ್ ಗ್ರೇಫೆ 1866ರಲ್ಲೇ ವರ್ಣಿಸಿದ್ದರು. ಆಗ ಸ್ಟೀರಾಯ್ಡ್ ಗುಳಿಗೆಯೇ ಇರಲಿಲ್ಲ. ಅಂದರೆ ಸ್ಟೀರಾಯ್ಡ್ ಇಲ್ಲದೆಯೂ ಇದು ಬರುತ್ತೆ. ಸರಿಯಾಗಿ ನೂರು ವರ್ಷದ ನಂತರ, 1966ರಲ್ಲಿ, ಜೈನ್ ಮತ್ತು ಸಿಂಗ್ ಎಂಬ ಇಬ್ಬರು ಭಾರತೀಯ ನೇತ್ರತಜ್ಞರು ಅಖಿಲ ಭಾರತ ನೇತ್ರ ವೈದ್ಯರ ಸಂಘದ ಪತ್ರಿಕೆಯಲ್ಲಿ ಬರೆದರು: ಮ್ಯಾಕುಲಾದ ತೊಂದರೆ ಸ್ಟೀರಾಯ್ಡ್‌ನ ಅಡ್ಡಪರಿಣಾಮ ಇರಬಹುದು ಅಂತ. ಗಮನಿಸಿ, ಈ ಎಚ್ಚರಿಕೆ ನಮ್ಮ ದೇಶದಿಂದಲೇ ಹೊರಟಿತ್ತು. ಮುಂದೆ 2004ರಲ್ಲಿ ಅಮೆರಿಕದಲ್ಲಿ 312 ರೋಗಿಗಳನ್ನ ಅಷ್ಟೇ ಸಂಖ್ಯೆಯ ಬೇರೆಯವರ ಜೊತೆ ಹೋಲಿಸಿ ನೋಡಿದಾಗ, ಸ್ಟೀರಾಯ್ಡ್ ಸೇವನೆ ಎಲ್ಲಕ್ಕಿಂತ ದೊಡ್ಡ ಅಪಾಯಗಳಲ್ಲಿ ಒಂದಾಗಿ ಎದ್ದು ಕಂಡಿತು. ಗರ್ಭಿಣಿಯರಿಗೂ ಅಪಾಯ ಹೆಚ್ಚು ಅಂತ ಅದೇ ಅಧ್ಯಯನ ಹೇಳಿತು. ಅಮೆರಿಕದ ಇನ್ನೊಂದು ಜಿಲ್ಲೆಯ ದಾಖಲೆಗಳನ್ನ ತೆಗೆದು ನೋಡಿದಾಗ ಹೆಂಗಸರಿಗಿಂತ ಗಂಡಸರಲ್ಲಿ ಇದು ಸುಮಾರು ಆರು ಪಟ್ಟು ಜಾಸ್ತಿ ಇತ್ತು. ವಯಸ್ಸು ಹೆಚ್ಚಾಗಿ 30ರಿಂದ 50ರ ಆಸುಪಾಸು. ಅಂದರೆ ಮನೆ ನಡೆಸುವ ವಯಸ್ಸು.

ಮಾನಸಿಕ ಒತ್ತಡ, ನಿದ್ದೆಗೆಡೋದು ಕೂಡ ಇದರ ಜೊತೆಗಿರುವ ಕಾರಣಗಳು. ಒತ್ತಡದಲ್ಲಿ ನಮ್ಮ ದೇಹವೇ ಕಾರ್ಟಿಸಾಲನ್ನ ಜಾಸ್ತಿ ಮಾಡುತ್ತೆ. ಒಳಗಿನಿಂದ ಬಂದರೂ ಹೊರಗಿನಿಂದ ಬಂದರೂ ಕಣ್ಣಿನ ಕೆಳಗಿನ ರಕ್ತನಾಳಗಳಿಗೆ ಅದು ಒಂದೇ ಜಾತಿಯ ವಸ್ತು. ಸಾಲದ ಕಂತಿನ ಚಿಂತೆಯಲ್ಲಿ ರಾತ್ರಿಯಿಡೀ ಎದ್ದು ಕೂರುವವನು ಬೆಳಗ್ಗೆ ಮೈಕೈ ನೋವಿಗೆ ಅದೇ ಬಿಳಿ ಗುಳಿಗೆ ನುಂಗಿದರೆ ಎರಡೂ ಕಡೆಯಿಂದ ನೀರು ಬಿಟ್ಟ ಹಾಗಾಯ್ತು.

ಹಾಗಂತ ಸ್ಟೀರಾಯ್ಡ್ ತಗೊಂಡ ಎಲ್ಲರಿಗೂ ಇದು ಬರುತ್ತಾ? ಇಲ್ಲ. ಬಹುಪಾಲು ಜನರಿಗೆ ಬರಲ್ಲ. ಯಾರಿಗೆ ಬರುತ್ತೆ ಅಂತ ಮೊದಲೇ ಹೇಳುವ ಪರೀಕ್ಷೆ ಕೈಯಲ್ಲಿಲ್ಲ, ಅದೇ ಕಷ್ಟ. ಮತ್ತೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಗುಳಿಗೆ ಒಂದರಿಂದಲೇ ಅಲ್ಲ, ಮೊಣಕಾಲಿಗೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್, ಮೂಗಿಗೆ ಹೊಡೆಯುವ ಸ್ಪ್ರೇ, ಉಸಿರಾಟಕ್ಕೆ ಎಳೆದುಕೊಳ್ಳುವ ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಮುಲಾಮು, ಇವುಗಳ ಜೊತೆಗೂ ಸಿಎಸ್‌ಆರ್ ಕಾಣಿಸಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್‌ಹೇಲರ್‌ನಲ್ಲಿ ಡೋಸ್ ಬಹಳ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ. ಅಸ್ತಮಾದವರು ಹೆದರಿ ಬಿಡಬೇಡಿ. ಉಸಿರೇ ನಿಂತರೆ ಕಣ್ಣು ತಗೊಂಡು ಏನು ಮಾಡೋದು? ಬಿಡೋದು ಬೇಡ, ಡಾಕ್ಟರಿಗೆ ಹೇಳಿ, ಅಷ್ಟೇ.

ಈಗ ಇಳಕಲ್‌ಗೆ ಬನ್ನಿ.

ನಾನು ಇಳಕಲ್‌ನಲ್ಲಿ ಕುಣಿಮಗ್ಗದ ಪಕ್ಕ ನಿಂತು ನೋಡಿದ್ದೀನಿ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರನ ಎರಡು ಕಾಲು, ಎರಡು ಕೈ, ಎರಡು ಕಣ್ಣು, ಆರೂ ಒಂದೇ ತಾಳಕ್ಕೆ ಕೆಲಸ ಮಾಡ್ತವೆ. ಕಾಲು ಮೆಟ್ಟುತ್ತೆ, ಲಾಳಿ ಓಡುತ್ತೆ, ಕಣ್ಣು ಮಾತ್ರ ಹಾಸಿನ ಎಳೆಗಳನ್ನ ಬಿಟ್ಟು ಕದಲಲ್ಲ. ಇಳಕಲ್ ಸೀರೆಯ ವಿಶೇಷ ಗೊತ್ತಲ್ಲ? ಒಡಲಿನ ಹತ್ತಿ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸ್ತಾರೆ. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಕಾಣುತ್ತೆ. ಸೀರೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಊರಿಗೆ ಹೆಸರಿದೆ. ಆದರೆ ಕೂತು ಕೂತು ಬೆನ್ನು, ಸೊಂಟ, ಮೊಣಕಾಲು ಹಿಡಿದುಹೋದ ನೇಕಾರನಿಗೆ ರಜೆ ಇಲ್ಲ. ಸೀರೆ ಇಳಿಸಿದರೆ ಕೂಲಿ. ನೋವು ಅಂತ ಮಲಗಿದರೆ ಅವತ್ತಿನ ದುಡ್ಡಿಲ್ಲ. ಅದೇ ಊರಿನ ಸುತ್ತ ಕೆಂಪು ಗ್ರಾನೈಟ್ ಕ್ವಾರಿಗಳಿವೆ, ಕಲ್ಲು ಎತ್ತುವವರ ಸೊಂಟದ ಕಥೆಯೂ ಇದೇ. ಹುನಗುಂದದ ಎರೆ ಹೊಲದಲ್ಲಿ ಬಗ್ಗಿ ಬಿಳಿಜೋಳ, ಕಡಲೆ ಕೀಳುವ ಅವ್ವಂದಿರ ಮೊಣಕಾಲಿನ ಕಥೆಯೂ ಇದೇ. ಇವರು ಗುಳಿಗೆ ನುಂಗೋದು ಚಟಕ್ಕಲ್ಲ. ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು, ಅದಕ್ಕೆ.

ಕೈಕಾಲು ಉಳಿಸಿಕೊಳ್ಳೋಕೆ ನುಂಗಿದ ಗುಳಿಗೆ ಕಣ್ಣನ್ನ ಕಸಿದರೆ, ಆ ಮನೆಯಲ್ಲಿ ಮಗ್ಗ ನಡೆಸೋರು ಯಾರು?

ಒಂದು ಸಮಾಧಾನದ ಸಂಗತಿಯೂ ಇಲ್ಲೇ ಇದೆ. ಕಣ್ಣಿನ ಡಾಕ್ಟರುಗಳ ಹತ್ತಿರ ಆಮ್ಸ್ಲರ್ ಚಾರ್ಟ್ ಅಂತ ಒಂದು ಕಾಗದ ಇರುತ್ತೆ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದದ್ದು. ಚೌಕ ಚೌಕದ ಗೆರೆಗಳು, ನಡುವೆ ಒಂದು ಚುಕ್ಕಿ. ಒಂದು ಕಣ್ಣು ಮುಚ್ಚಿ ಚುಕ್ಕಿ ನೋಡಬೇಕು. ಗೆರೆ ಸೊಟ್ಟ ಕಂಡರೆ, ನಡುವೆ ಮಬ್ಬು ಕಂಡರೆ, ಮ್ಯಾಕುಲಾದಲ್ಲಿ ಏನೋ ತೊಂದರೆ ಇದೆ ಅಂತ ಅರ್ಥ. ಇಳಕಲ್‌ನ ನೇಕಾರರಿಗೆ ಈ ಚಾರ್ಟ್ ಬೇಕಾಗಿಯೇ ಇಲ್ಲ. ಬಿಗಿದು ಕಟ್ಟಿದ ಹಾಸು ಅವರ ಕಣ್ಣೆದುರು ದಿನವಿಡೀ ಇರುತ್ತೆ. ಮನೆಯಲ್ಲಿರುವ ಅವ್ವ ಉಟ್ಟ ಚೌಕಳಿ ಸೀರೆಯೇ ಒಂದು ಚಾರ್ಟ್. ಸೀರೆ ಇಲ್ಲದಿದ್ದರೆ ಗೋಡೆ ಮೇಲಿನ ಕ್ಯಾಲೆಂಡರ್ ಇದೆ, ಬಚ್ಚಲಮನೆಯ ಟೈಲ್ಸ್ ಇದೆ. ವಾರಕ್ಕೊಂದು ಸಲ, ಕನ್ನಡಕ ಇದ್ದರೆ ಹಾಕಿಕೊಂಡೇ, ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಅರ್ಧ ನಿಮಿಷದ ಕೆಲಸ. ಎರಡೂ ಕಣ್ಣು ತೆರೆದು ನೋಡಿದರೆ ಉಪಯೋಗ ಇಲ್ಲ.

ಗೆರೆ ಸೊಟ್ಟ ಕಂಡರೆ ಏನು ಮಾಡ್ತೀರಿ? ಇಲ್ಲೇ ಜನ ಎರಡು ಕಡೆ ಸಿಕ್ಕಿಹಾಕಿಕೊಳ್ಳೋದು.

ಮೊದಲನೆಯದು ಕನ್ನಡಕದ ಅಂಗಡಿ. ರೆಟಿನಾ ಉಬ್ಬಿ ಮುಂದಕ್ಕೆ ಬಂದಿರೋದರಿಂದ ಆ ಕಣ್ಣಿಗೆ ಸ್ವಲ್ಪ ಪ್ಲಸ್ ನಂಬರ್ ಹಾಕಿದರೆ ದೃಷ್ಟಿ ಒಂಚೂರು ತಿಳಿಯಾಗುತ್ತೆ. "ವಯಸ್ಸಾತ್ರೀ, ಚಾಳೀಸ ಬಂದೈತಿ" ಅಂತ ಹೊಸ ಕನ್ನಡಕ ಕೊಟ್ಟು ಕಳಿಸಿದರೆ ಮುಗೀತು. ನೀರು ಅಲ್ಲೇ ನಿಂತಿರುತ್ತೆ.

ಎರಡನೆಯದು ಇನ್ನೂ ಗಂಭೀರ. ಸ್ಟೀರಾಯ್ಡ್ ಕಣ್ಣಿನ ಔಷಧಿಯೂ ಹೌದು. ಕಣ್ಣಿನೊಳಗಿನ ಕೆಲವು ಉರಿಯೂತಗಳಿಗೆ ಅದೇ ಚಿಕಿತ್ಸೆ, ಸಕ್ಕರೆ ಕಾಯಿಲೆಯಿಂದ ಬಂದ ಒಂದು ಬಗೆಯ ಊತಕ್ಕೆ ತಜ್ಞರೇ ಕಣ್ಣೊಳಗೆ ಸ್ಟೀರಾಯ್ಡ್ ಚುಚ್ಚುತ್ತಾರೆ. ಹಾಗಾಗಿ ಸ್ಕ್ಯಾನ್ ಮಾಡಿಸದೆ ಸಿಎಸ್‌ಆರ್ ಅನ್ನ ಉರಿಯೂತ ಅಂತಲೋ ನರದ ಊತ ಅಂತಲೋ ತಿಳಿದರೆ, ಕಾಯಿಲೆ ತಂದ ಔಷಧಿಯನ್ನೇ ಚಿಕಿತ್ಸೆ ಅಂತ ಕೊಟ್ಟಂತೆ ಆಗುತ್ತೆ. ನೀರು ಇಳಿಯೋದಿಲ್ಲ, ಏರುತ್ತೆ. ಡಾಕ್ಟರು "ಬೇರೆ ಏನಾದ್ರೂ ಔಷಧಿ ತಗೋತಿದೀರಾ" ಅಂತ ಕೇಳಿದಾಗ ನಮ್ಮ ಉತ್ತರ ಏನು? "ಏನಿಲ್ರೀ." ಮೊಣಕಾಲಿನ ಇಂಜೆಕ್ಷನ್ ಔಷಧಿ ಅಂತ ನಮಗೆ ಅನಿಸಲ್ಲ. ಮುಖ ಬೆಳ್ಳಗಾಗಲಿ ಅಂತ ಹಚ್ಚಿದ ಕ್ರೀಮು ಔಷಧಿ ಅನಿಸಲ್ಲ. ನಾಟಿ ಪುಡಿ ಅಂತೂ ಔಷಧಿಯೇ ಅಲ್ಲ, "ಗಿಡಮೂಲಿಕೆ, ಏನೂ ಆಗಂಗಿಲ್ಲ". ಅಂಥ ಪುಡಿಗಳಲ್ಲಿ ಕೆಲವಕ್ಕೆ ಕದ್ದುಮುಚ್ಚಿ ಸ್ಟೀರಾಯ್ಡ್ ಬೆರೆಸಿದ್ದು ಪ್ರಯೋಗಾಲಯದಲ್ಲಿ ಸಿಕ್ಕಿಬಿದ್ದ ಉದಾಹರಣೆಗಳು ದೇಶದಲ್ಲಿವೆ. ಡಾಕ್ಟರಿಗೆ ನಾವು ಹೇಳದೆ ಬಿಟ್ಟ ಆ ಒಂದು ಮಾತೇ ಇಡೀ ಚಿಕಿತ್ಸೆಯ ದಾರಿ ತಪ್ಪಿಸಬಹುದು.

ಪರೀಕ್ಷೆ ಕಷ್ಟದ್ದಲ್ಲ. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗೆ ನೋಡ್ತಾರೆ. ಓಸಿಟಿ ಅಂತ ಒಂದು ಸ್ಕ್ಯಾನ್ ಇದೆ. ಸೂಜಿ ಇಲ್ಲ, ನೋವಿಲ್ಲ, ಕೆಲವು ನಿಮಿಷದಲ್ಲಿ ರೆಟಿನಾದ ಪದರ ಪದರವನ್ನ ಚಿತ್ರ ಬಿಡಿಸಿದ ಹಾಗೆ ತೋರಿಸುತ್ತೆ. ನೀರು ಎಲ್ಲಿ, ಎಷ್ಟು ನಿಂತಿದೆ ಅಂತ ನಿಮಗೇ ಕಾಣುತ್ತೆ. ಆದರೆ ಈ ಯಂತ್ರ ಎಲ್ಲಾ ತಾಲ್ಲೂಕು ಆಸ್ಪತ್ರೆಗಳಲ್ಲೂ ಇರೋದಿಲ್ಲ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿವಿವಿ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ಮುಂದಿನ ಹಂತಕ್ಕೆ ಹುಬ್ಬಳ್ಳಿ, ಇನ್ನೂ ಮುಂದೆ ಬೆಂಗಳೂರಿನ ಮಿಂಟೊ. ಇಳಕಲ್‌ನ ನೇಕಾರನಿಗೆ ಇದು ಒಂದು ದಿನದ ಕೂಲಿ, ಬಸ್ ಖರ್ಚು, ಜೊತೆಗೆ ಒಬ್ಬರು. ಅದು ನನಗೆ ಗೊತ್ತು. ಗೊತ್ತಿದ್ದೂ ಹೋಗಿ ಅಂತ ಹೇಳ್ತೀನಿ.

ಯಾಕಂದರೆ ಬೇಗ ಹೋದವರಿಗೆ ಒಳ್ಳೆಯ ಸುದ್ದಿ ಇದೆ. ಹೊಸದಾಗಿ ಬಂದ ಸಿಎಸ್‌ಆರ್ ಬಹಳಷ್ಟು ಜನರಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತೆ. ಸ್ಟೀರಾಯ್ಡ್ ಕಾರಣವಾಗಿದ್ದರೆ, ಅದನ್ನ ಕೊಟ್ಟ ವೈದ್ಯರೂ ಕಣ್ಣಿನ ವೈದ್ಯರೂ ಮಾತಾಡಿಕೊಂಡು ಡೋಸ್ ಇಳಿಸ್ತಾರೆ, ಆಗುವುದಾದರೆ ನಿಲ್ಲಿಸ್ತಾರೆ. ಹೆಚ್ಚಿನವರಿಗೆ ಅಷ್ಟರಲ್ಲೇ ನೀರು ಒಣಗುತ್ತೆ. ತಡ ಮಾಡಿದವರಿಗೆ, ಅಥವಾ ಗುಳಿಗೆ ಬಿಡದವರಿಗೆ, ನೀರು ತಿಂಗಳುಗಟ್ಟಲೆ ನಿಂತರೆ ಬೆಳಕನ್ನ ಹಿಡಿಯುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟಲ್ಲ. ಆ ಹಂತ ಬಾರದಂತೆ ತಡೆಯೋಕೆ ಲೇಸರ್ ಇದೆ, ಔಷಧಿ ಕೊಟ್ಟು ಬೆಳಕು ಹಾಯಿಸುವ ಫೋಟೋಡೈನಾಮಿಕ್ ಚಿಕಿತ್ಸೆ ಇದೆ. ಗುಳಿಗೆ ನುಂಗಿ ವಾಸಿ ಮಾಡಬಹುದಾ ಅಂತಲೂ ನೋಡಿದ್ದಾರೆ. ಎಪ್ಲರೆನೋನ್ ಎಂಬ ಮಾತ್ರೆಯ ಮೇಲೆ ದೊಡ್ಡ ನಿರೀಕ್ಷೆ ಇತ್ತು, 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಅದು ಬರೀ ಸಕ್ಕರೆ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆಯೂ ಇದೆ. ಹಾಗಾಗಿ ಒಮ್ಮೆ ಸಿಎಸ್‌ಆರ್ ಆದವರು ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ್ ಆದರೂ ಸರಿ, ಮೊದಲ ಮಾತು ಅದನ್ನೇ ಹೇಳಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ಸ್ಟೀರಾಯ್ಡ್ ಸಕ್ಕರೆಯನ್ನ ಏರಿಸುತ್ತೆ. ಏರಿದ ಸಕ್ಕರೆ ರೆಟಿನಾದ ರಕ್ತನಾಳಗಳನ್ನ ಬೇರೆ ದಾರಿಯಲ್ಲಿ ಹಾಳುಮಾಡುತ್ತೆ, ಅದು ಡಯಾಬಿಟಿಕ್ ರೆಟಿನೋಪತಿ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ನಮ್ಮ ರಾಜ್ಯದಲ್ಲಿ ಎಷ್ಟು ಮನೆಗಳ ಬೆಳಕು ಆರಿಸಿತು ಅನ್ನೋದನ್ನ ನಾವು ದಿನಾ ತೋರಿಸಿದೆವು. ಹತೋಟಿ ತಪ್ಪಿದ ಸಕ್ಕರೆ ಮತ್ತು ಲೆಕ್ಕವಿಲ್ಲದ ಸ್ಟೀರಾಯ್ಡ್, ಆ ದುರಂತದ ಹಿಂದೆ ಇವೆರಡೂ ಜೊತೆಗಿದ್ದವು. ಹಲವರ ಜೀವ ಉಳಿಸೋಕೆ ಕಣ್ಣನ್ನೇ ತೆಗೆಯಬೇಕಾಯ್ತು. ಕಾಯಿಲೆ ಬೇರೆ, ಪಾಠ ಅದೇ. ಇದಲ್ಲದೆ ದೀರ್ಘಕಾಲದ ಸ್ಟೀರಾಯ್ಡ್ ಕಣ್ಣಿಗೆ ಪೊರೆ ತರುತ್ತೆ, ಕಣ್ಣಿನ ಒತ್ತಡ ಏರಿಸಿ ಗ್ಲಾಕೋಮಾ ತರುತ್ತೆ. ಮಕ್ಕಳ ಕಣ್ಣು ತುರಿಸಿದರೆ ಹಳೇ ಡ್ರಾಪ್ಸ್ ಹುಡುಕಿ ಹಾಕುವ ಅಪ್ಪ ಅಮ್ಮಂದಿರು ಇದನ್ನ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಹಾಗಾದರೆ ಇವತ್ತೇ ನಿಲ್ಲಿಸಿಬಿಡ್ಲಾ? ಬೇಡ. ವಾರಗಟ್ಟಲೆ ಸ್ಟೀರಾಯ್ಡ್ ನುಂಗಿದವರ ದೇಹ ತನ್ನ ಕಾರ್ಟಿಸಾಲ್ ಮಾಡೋದನ್ನೇ ಕಡಿಮೆ ಮಾಡಿರುತ್ತೆ. ಹೊರಗಿನಿಂದ ಬರ್ತಿದೆಯಲ್ಲ ಅಂತ ಒಳಗಿನ ಗ್ರಂಥಿ ಸುಮ್ಮನೆ ಮಲಗಿರುತ್ತೆ. ಥಟ್ಟನೆ ನಿಲ್ಲಿಸಿದರೆ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಜೀವಕ್ಕೇ ಅಪಾಯ. ಮೆಟ್ಟಿಲು ಇಳಿದ ಹಾಗೆ ಡೋಸ್ ಇಳಿಸಬೇಕು, ಅದನ್ನ ಡಾಕ್ಟರೇ ಇಳಿಸಬೇಕು.

ಕಾನೂನು ಏನು ಹೇಳುತ್ತೆ? ಸ್ಟೀರಾಯ್ಡ್ ಗುಳಿಗೆ, ಇಂಜೆಕ್ಷನ್‌ಗಳು ಶೆಡ್ಯೂಲ್ ಎಚ್ ಔಷಧಿಗಳು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮುಲಾಮುಗಳಿಗೆ ಹಿಂದೆ ಒಂದು ಸಂದು ಇತ್ತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನೂ ಶೆಡ್ಯೂಲ್ ಎಚ್ ಬೇಲಿಯೊಳಗೆ ತಂದಿತು. ಅಂದರೆ ಕಾನೂನಿಗೆ ಕೊರತೆ ಇಲ್ಲ. ಕೊರತೆ ಇರೋದು ಕೇಳುವವರಿಗೆ. ಔಷಧ ನಿಯಂತ್ರಣ ಇಲಾಖೆಯವರು ಅಂಗಡಿಯ ಪುಸ್ತಕ ತೆಗೆದು, ಈ ಗುಳಿಗೆ ಯಾರ ಚೀಟಿ ಮೇಲೆ ಹೋಯ್ತು ಅಂತ ಕೇಳಬೇಕು. ಡಿಗ್ರಿ ಇಲ್ಲದೆ ಬೋರ್ಡ್ ಹಾಕಿ ಕೂತು, ಬಂದವರಿಗೆಲ್ಲ ಒಂದೇ ಇಂಜೆಕ್ಷನ್ ಚುಚ್ಚುವ ನಕಲಿ ವೈದ್ಯರನ್ನ ಆರೋಗ್ಯ ಇಲಾಖೆ ಕೇಳಬೇಕು. ನೇಕಾರರ ಓಣಿಗೆ ವರ್ಷಕ್ಕೆ ಒಂದೆರಡು ಸಲ ಕಣ್ಣಿನ ತಪಾಸಣೆ ಯಾಕೆ ಬರಬಾರದು? ಪೊರೆ ಆಪರೇಷನ್ ಶಿಬಿರ ಮಾಡ್ತೀರಿ, ಸಂತೋಷ. ಅದೇ ಶಿಬಿರದಲ್ಲಿ ಒಂದು ಚೌಕಳಿ ಕಾಗದ ಇಟ್ಟು, ಒಂದು ಪ್ರಶ್ನೆ ಕೇಳೋಕೆ ಖರ್ಚೆಷ್ಟು ಸ್ವಾಮಿ?

ಸರ್ಕಾರ ಮಾಡುವವರೆಗೆ ನಾವು ಏನು ಮಾಡಬಹುದು ಅಂತ ಹೇಳಿ ಮುಗಿಸ್ತೀನಿ. ಗುಳಿಗೆಯನ್ನ ಬಿಡಿಯಾಗಿ ಪೊಟ್ಟಣದಲ್ಲಿ ತರಬೇಡಿ, ಹೆಸರಿರುವ ಪಟ್ಟಿಯಲ್ಲೇ ಕೇಳಿ. ಹೆಸರಿನ ಕೊನೆಯಲ್ಲಿ ಸೋನ್, ಲೋನ್, ಕಾರ್ಟ್ ಅಂತ ಇದ್ದರೆ, ಉದಾಹರಣೆಗೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಡೆಫ್ಲಾಜಾಕಾರ್ಟ್, ಅದು ಸ್ಟೀರಾಯ್ಡ್ ಇರಬಹುದು. "ಇದು ಸ್ಟೀರಾಯ್ಡ್ ಏನ್ರೀ? ಎಷ್ಟು ದಿನ ತಗೋಬೇಕು?" ಅಂತ ಎರಡು ಪ್ರಶ್ನೆ ಕೇಳಿ. ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳಲ್ಲ. ಕಣ್ಣಿನ ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಗುಳಿಗೆ, ಮುಲಾಮು, ಸ್ಪ್ರೇ, ಪುಡಿ ಎಲ್ಲಾ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಚೀಲ ಅಂದಾಗ ಇಳಕಲ್‌ನವರಿಗೆ ಒಂದು ಜೋಳಿಗೆ ನೆನಪಾಗಲೇಬೇಕು. ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಿದರು. ಅವರು ಕೇಳಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ಚಟ ಈ ಜೋಳಿಗೆಗೆ ಹಾಕ್ರಪ್ಪ ಅಂದರು. ಜನ ಬೀಡಿ, ಗುಟ್ಕಾ ಪೊಟ್ಟಣ ಹಾಕಿದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತೆ. ಬರುವ ಆಗಸ್ಟ್ 1ಕ್ಕೆ ನಿಮ್ಮ ಮನೆಯ ಗೂಡು, ಕಪಾಟು, ಗಾದಿ ಕೆಳಗೆ ಒಮ್ಮೆ ಹುಡುಕಿ. ಡಾಕ್ಟರ್ ಈಗ ಕೊಟ್ಟಿರುವುದು ಹಾಗೇ ಇರಲಿ. ಹೆಸರು ಗೊತ್ತಿಲ್ಲದ ಬಿಳಿ ಗುಳಿಗೆ, ಯಾರೋ ಹೇಳಿದರು ಅಂತ ತಂದ ಮುಲಾಮು, ಹಳೇ ಕಣ್ಣಿನ ಡ್ರಾಪ್ಸ್ ಸಿಕ್ಕರೆ ಡಾಕ್ಟರ್ ಮುಂದೆ ಇಡಿ, ಬೇಕೋ ಬೇಡವೋ ಅವರೇ ಹೇಳಲಿ. ಅಷ್ಟಕ್ಕೂ ಕಾಯೋದು ಬೇಡ ಅಂದರೆ, ಈ ಪುಟ ಮುಚ್ಚಿದ ತಕ್ಷಣ ಎದುರಿನ ಕ್ಯಾಲೆಂಡರ್ ನೋಡಿ. ಮೊದಲು ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು.